ಸಾವಳಗಿಯಿಂದ ರಾಜಭವನಕ್ಕೆ

ದೂಧಗಂಗೆಯ ದಡದ ಸದಲಗೆಯನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತವು 1939ರಿಂದ 1946ರವರೆಗೆ ಮಂತ್ರಿಮಂಡಲವಿಲ್ಲದೆ ಬ್ರಿಟಿಷ್ ಗವರ್ನರರ ನೇರ ಆಳ್ವಿಕೆಯಲ್ಲಿತ್ತು. ಆ ಅಧಿಕಾರದ ನೆರಳು ನಮ್ಮ ಸಂವಿಧಾನದ 356ನೆಯ ವಿಧಿಯಲ್ಲಿಯೂ ಉಳಿಯಿತು. ಅದನ್ನು ಚಲಾಯಿಸಿದವರಲ್ಲಿ ನೆರೆಯ ಜಮಖಂಡಿ ಸೀಮೆಯವರೊಬ್ಬರಿದ್ದರು: ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ, ಬಸಪ್ಪ ದಾನಪ್ಪ ಜತ್ತಿ.

ಜಮಖಂಡಿಯ ಪುರಸಭೆಯಿಂದ ಮೇಲೆ ಬಂದ ಈ ವಕೀಲರು 1958ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳೂ 1972ರಲ್ಲಿ ಒರಿಸ್ಸಾದ ರಾಜ್ಯಪಾಲರೂ ಆದರು. 1973ರ ಮಾರ್ಚಿಯಲ್ಲಿ ನಂದಿನಿ ಸತ್ಪಥಿಯವರ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಉದ್ಯಮಿಯಾಗಿದ್ದು ರಾಜಕಾರಣಕ್ಕಿಳಿದ ಬಿಜು ಪಟ್ನಾಯಕರು ಬಹುಮತ ತಮಗಿದೆಯೆಂದರು. ಜತ್ತಿಯವರು ಅವರನ್ನು ಕರೆಯಲಿಲ್ಲ. ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ಒಂದು ವರ್ಷ ಒರಿಸ್ಸಾವನ್ನು ರಾಜಭವನವೇ ಆಳಿತು.

1977ರ ಏಪ್ರಿಲಿನಲ್ಲಿ ಅವರು ಹಂಗಾಮಿ ರಾಷ್ಟ್ರಪತಿಗಳು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಜನತಾ ಸರ್ಕಾರ ಸಲಹೆಯಿತ್ತಾಗ ಒಡನೆ ರುಜು ಹಾಕದೆ ತಡೆದರು. ಸರ್ಕಾರ ಪಟ್ಟು ಹಿಡಿದ ಮೇಲೆ ಹಾಕಿದರು. ಆ ಒಂಬತ್ತರಲ್ಲಿ ಒರಿಸ್ಸಾವೂ ಒಂದು.

ಅಂದು ತ್ವರೆ, ಇಂದು ಹಿಂಜರಿಕೆ. ಎರಡೂ ಒಂದೇ ಪಕ್ಷಕ್ಕೆ ಒದಗಿದವೆಂಬ ಟೀಕೆಯನ್ನು ನಾನು ತಳ್ಳಿಹಾಕಲಾರೆ. ಆದರೆ ದೋಷವನ್ನೆಲ್ಲ ವ್ಯಕ್ತಿಯ ಮೇಲೆ ಹೊರಿಸಲೂ ನನಗೆ ಮನಸ್ಸು ಬಾರದು. ಬಹುಮತವನ್ನು ಅಳೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟವಾಗಿ ಸಾರಿದ್ದು 1994ರಲ್ಲಿ. ಆ ನ್ಯಾಯಕ್ಕಾಗಿ ಹೋರಾಡಿದವರೂ ಕನ್ನಡಿಗರೇ: ಎಸ್. ಆರ್. ಬೊಮ್ಮಾಯಿ.