ಮೊದಲ ಆಟ ಯಾರದು?

ವಾರಾಂತ್ಯಕ್ಕೆ ನಮ್ಮ ಬೆಂಗಳೂರಿನ ರೂಮಿನಲ್ಲಿ ಸ್ಕ್ರ್ಯಾಬಲ್ ನಡೀತದ. ಚೀಲದಿಂದ ಒಂದೊಂದು ಬಿಲ್ಲೆ ತೆಗೀತೀವಿ; 'ಎ'ಗೆ ಹತ್ತಿರದ ಅಕ್ಷರ ಬಂದವರದ್ದು ಮೊದಲ ಸರದಿ. ಮೊದಲ ಪದ ನಡುವಿನ ನಕ್ಷತ್ರದ ಮೇಲೆ ಬೀಳ್ತದ, ಅಂಕ ಎರಡು ಪಟ್ಟು. ಬಿಲ್ಲೆ ಎತ್ತೋದು ನ್ಯಾಯ, ಖರೆ. ಆದ್ರ ಅದು ಆ ಲಾಭವನ್ನ ಅಳಿಸೋದಿಲ್ಲ, ಯಾರಿಗೆ ಅಂತ ಹೇಳ್ತದ ಅಷ್ಟ.

ಈ ಆಟ ಕಟ್ಟಿದವನು ಆಲ್ಫ್ರೆಡ್ ಬಟ್ಸ್, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಅಮೆರಿಕದ ವಾಸ್ತುಶಿಲ್ಪಿ. ಯಾವ ಅಕ್ಷರ ಎಷ್ಟು ಸಲ ಬರ್ತದ ಅಂತ ಪತ್ರಿಕೆಯ ಪುಟಗಳಲ್ಲಿ ಎಣಿಸಿದ. ಅದಕ್ಕೇ ಅಪರೂಪದ 'ಕ್ಯೂ'ಗೆ 10 ಅಂಕ, ಎಲ್ಲೆಲ್ಲೂ ಬರುವ 'ಇ'ಗೆ 1. ಅಕ್ಷರಗಳ ನಡುವೆ ಸಮತೋಲನ ಬಂತು. ಆಟಗಾರರ ನಡುವಿನದು ಉಳೀತು. ಹಾಗಾಗಿ ಟೂರ್ನಿಗಳಲ್ಲಿ ಲೆಕ್ಕ ಇಡ್ತಾರ: ಈವರೆಗೆ ಕಡಿಮೆ ಸಲ ಮೊದಲು ಆಡಿದವರಿಗೆ ಈ ಸಲ ಮೊದಲ ಸರದಿ. ಫ್ರೆಂಚರ ಡುಪ್ಲಿಕೇಟ್ ಪಂದ್ಯದಲ್ಲಂತೂ ಎಲ್ಲರಿಗೂ ಅದೇ ಬಿಲ್ಲೆ, ಅದೇ ಹಲಗೆ.

ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದದ್ದು 1948ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ಕಡೆ ನಿಜಾಮರ ಆಳ್ವಿಕೆ ಮುಗೀತು. ಅಲ್ಲೀತನಕ ಸರಕಾರದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಕಮಲಾಪುರದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮಾತಾಡುತ್ತ ಬೆಳೆದ ನಮ್ಮ ಮುತ್ಯಾನ ಕೈಯಲ್ಲಿದ್ದ ಬಿಲ್ಲೆ ಒಂದು ಭಾಷೆಯದು, ಆಡಬೇಕಾದ ಹಲಗೆ ಇನ್ನೊಂದು ಭಾಷೆಯದು.

1956ರ ಏಕೀಕರಣದಲ್ಲಿ ಮೈಸೂರಿನವರ ಜೊತೆ ಒಂದೇ ಹಲಗೆಗೆ ಕೂತೆವು. ಯಾರು ಎಲ್ಲಿಂದ ಶುರು ಮಾಡಿದ್ರು ಅನ್ನೋ ಲೆಕ್ಕ ಸಂವಿಧಾನಕ್ಕೆ ಸೇರಿದ್ದು 2012ರ 98ನೇ ತಿದ್ದುಪಡಿಯಿಂದ, 371(ಜೆ) ವಿಧಿಯಾಗಿ. 2013ರ ಆದೇಶದಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಇಲ್ಲಿಯವರಿಗೆ.

ನಾನು ಬಿಇ ಸೇರಿದ್ದು ಅದಕ್ಕೂ ಮೊದಲು. ತಂಗಿಗೆ ಸಿಕ್ತು. ಆಫೀಸಿನ ಗೆಳೆಯನೊಬ್ಬ, "ಫ್ರೀ ಪಾಯಿಂಟ್ಸ್ ಅಲ್ವಾ?" ಅಂದ. "ಮೊದಲ ಸರದಿ ಸಿಕ್ಕವರಿಗೂ ಪದ ಯಾರೂ ಹೇಳಿಕೊಡೋದಿಲ್ಲ ದೋಸ್ತ," ಅಂದೆ.

ತಂಗಿ ಮಾತ್ರ ಬೇರೆ ಮಾತು ಕೇಳಿದಳು: "ಅಣ್ಣಾ, ಕಲಬುರಗಿಯಾಗ ಕೋಚಿಂಗ್ ಕ್ಲಾಸಿನ ಬಾಜೂಕ ಮನಿ ಇದ್ದವರೂ, ಮುಂಜಾನೆ ಕಮಲಾಪುರದಾಗ ಬಸ್ ಹಿಡಿದು ಬರೋ ನಾನೂ ಒಂದೇ ಕೋಟಾ. ಇದರಾಗ ಮೊದಲ ಆಟ ಯಾರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೂರ್ನಿಯವರು ಒಂದೇ ಪಂದ್ಯಕ್ಕೆ ಲೆಕ್ಕ ಮುಗಿಸೋದಿಲ್ಲ, ಪ್ರತಿ ಸುತ್ತಿಗೂ ಮತ್ತೆ ನೋಡ್ತಾರ. ನಾವೂ ಹಂಗೇ ನೋಡಬೇಕು.

ಈಗ ನಮ್ಮ ರೂಮಿನ ಕ್ಯಾಲೆಂಡರ್ ಮೇಲೆ ಬರೆದಿಡ್ತೀವಿ, ಯಾರು ಎಷ್ಟು ಸಲ ಮೊದಲು ಆಡಿದ್ರು ಅಂತ.