ದಂತಧಾವನವೂ ಬಾಲಶಿಕ್ಷೆಯೂ

ನಮ್ಮ ವೈದ್ಯಗ್ರಂಥಗಳು ದಂತಧಾವನವನ್ನು ಅಲ್ಪವಿಷಯವೆಂದು ಉಪೇಕ್ಷಿಸಿಲ್ಲ. ದಿನಕ್ಕೆರಡು ವೇಳೆ ಹಲ್ಲುಜ್ಜಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಕಹಿಮರಗಳಲ್ಲಿ ಬೇವೂ ಕಾರದವುಗಳಲ್ಲಿ ಹೊಂಗೆಯೂ ಶ್ರೇಷ್ಠವೆಂಬುದು ಸುಶ್ರುತನ ಮತ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಎಕ್ಕ, ಆಲ, ಹೊಂಗೆ, ಮತ್ತಿ ಮೊದಲಾದವುಗಳ ಹೆಸರಿದೆ. ಕಡ್ಡಿಯು ಹನ್ನೆರಡು ಅಂಗುಲ ಉದ್ದವಾಗಿ, ಕಿರುಬೆರಳ ತುದಿಯಷ್ಟು ದಪ್ಪವಾಗಿ, ನೆಟ್ಟಗಿರಬೇಕು. ಅದರ ತುದಿಯನ್ನು ಮೃದುಮಾಡಿ ಒಸಡಿಗೆ ಬಾಧೆಯಾಗದಂತೆ ಉಜ್ಜಬೇಕು. ಜ್ವರ, ಕೆಮ್ಮು, ಬಾಯಿಹುಣ್ಣುಗಳುಳ್ಳವರಿಗೆ ನಿಷೇಧವೂ ಉಂಟು. ಇಷ್ಟನ್ನೆಲ್ಲ ಹೇಳಿದ ಆಚಾರ್ಯರು ಆ ಪ್ರಕರಣಗಳಲ್ಲಿ ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಟ್ಟಿದ್ದಾರೆ. ಇದನ್ನು ಮಗುವಿಗೆ ಕಲಿಸುವುದು ಯಾವಾಗ?

ಉತ್ತರವು ದೊರೆಯುವುದು ಒಬ್ಬ ಪರದೇಶೀಯನ ಬರವಣಿಗೆಯಲ್ಲಿ. ಇತ್ಸಿಂಗನೆಂಬ ಚೀನೀ ಭಿಕ್ಷುವು ಕ್ರಿ. ಶ. 671ರಲ್ಲಿ ಸಮುದ್ರಮಾರ್ಗವಾಗಿ ಹೊರಟು, 673ರಲ್ಲಿ ತಾಮ್ರಲಿಪ್ತಿಯಲ್ಲಿಳಿದು, ನಾಲಂದಾ ವಿಹಾರದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗಮಾಡಿದನು. ಇಲ್ಲಿಯ ಆಚಾರಗಳನ್ನು ಕುರಿತು ಆತನು ಬರೆದ ಗ್ರಂಥವು 692ರಲ್ಲಿ ಶ್ರೀವಿಜಯದಿಂದ ಅವನ ದೇಶಕ್ಕೆ ಹೋಯಿತು. ಅದರಲ್ಲಿ ದಂತಕಾಷ್ಠಕ್ಕೆ ಒಂದು ಪ್ರಕರಣವೇ ಮೀಸಲು. ಭಾರತದ ಐದು ಭಾಗಗಳಲ್ಲಿಯೂ ಸನ್ಯಾಸಿಗಳಿಗೂ ಗೃಹಸ್ಥರಿಗೂ ಇದು ನಿತ್ಯಕರ್ಮವೆಂದೂ, ಮೂರು ವರ್ಷದ ಮಕ್ಕಳಿಗೇ ಇದನ್ನು ಕಲಿಸುವರೆಂದೂ ಅಲ್ಲಿ ಹೇಳಿದೆ. ಆತನು ಕೊಡುವ ಅಳತೆಯೂ ಹನ್ನೆರಡು ಅಂಗುಲವೇ, ದಪ್ಪವೂ ಕಿರುಬೆರಳಿನಷ್ಟೇ. ಮಗುವು ಸಹ ತನ್ನ ಸಂಗಡಲೇ ಹೊತ್ತು ತಿರುಗುವ ಅಳತೆಗೋಲಿದು! ಹಲ್ಲುಜ್ಜಿ, ನಾಲಗೆ ಕೆರೆದು, ಬಾಯಿ ಮುಕ್ಕಳಿಸುವವರೆಗೆ ಯಾರಿಗೂ ನಮಸ್ಕರಿಸಕೂಡದು, ಯಾರಿಂದಲೂ ನಮಸ್ಕಾರವನ್ನು ಸ್ವೀಕರಿಸಕೂಡದು. ಕಡ್ಡಿಯನ್ನು ಎಸೆಯುವಾಗಲೂ ಉಗುಳುವಾಗಲೂ ಮೂರು ಸಲ ಚಿಟಿಕೆ ಹೊಡೆಯಬೇಕು, ಇಲ್ಲವೆ ಕೆಮ್ಮಿ ಸೂಚಿಸಬೇಕು. ಚಿಟಿಕೆಯ ಈ ವಿಧಿಯು ಮಕ್ಕಳಿಗೆ ಬಹು ಪ್ರಿಯವಾಗಿದ್ದಿರಬೇಕೆಂದು ನನ್ನ ಊಹೆ.

ಆದರೆ ಇತ್ಸಿಂಗನು ಇದನ್ನು ಬರೆದುದು ನಮ್ಮನ್ನು ಹೊಗಳುವುದಕ್ಕಾಗಿಯಲ್ಲ, ತನ್ನವರನ್ನು ತಿದ್ದುವುದಕ್ಕಾಗಿ. ಹಿಂದಿನ ಭಾಷಾಂತರಕಾರರು ದಂತಕಾಷ್ಠವೆಂಬುದಕ್ಕೆ ಒಂದು ಬಗೆಯ ನೀರುಹಬ್ಬೆಯ ರೆಂಬೆಯ ಹೆಸರನ್ನು ಕೊಟ್ಟುಬಿಟ್ಟಿದ್ದರು. ಆ ಮರವು ಭಾರತದಲ್ಲಿ ಬಲು ವಿರಳವೆಂಬುದನ್ನು ಆತನು ಕಣ್ಣಾರೆ ಕಂಡಿದ್ದನು. ಹೆಸರು ತಪ್ಪಿದುದಕ್ಕಿಂತ ಕ್ರಮವು ತಪ್ಪಿದುದೇ ದೊಡ್ಡ ಹಾನಿ. ಅಲ್ಲಿ ಕೆಲವರು ಐದಾರು ಎಳೆಯ ಕಡ್ಡಿಗಳನ್ನು ಒಟ್ಟಿಗೆ ಬಾಯಿಗಿಟ್ಟು ಅಗಿದು, ಮುಕ್ಕಳಿಸುವುದನ್ನರಿಯದೆ ಇರುತ್ತಿದ್ದರು. ಕೆಲವರು ರೋಗಪರಿಹಾರವೆಂದು ರಸವನ್ನೇ ನುಂಗುತ್ತಿದ್ದರು. ಇದರಿಂದ ಕೊಳೆಯೂ ರೋಗವೂ ಹೆಚ್ಚುವುವೆಂದು ಆತನು ಮರುಗುತ್ತಾನೆ. ಉಪಕರಣವು ದೇಶಾಂತರಕ್ಕೆ ಹೋಯಿತು. ಮೂರು ವರ್ಷದ ಮಗುವಿನ ಬಳಿ ಕುಳಿತು ಕಲಿಸುವ ಕೈ ಹೋಗಲಿಲ್ಲ.

ನಮ್ಮಲ್ಲಿಯೂ ಉಪಕರಣಗಳು ಬದಲಾದುವು. ಬೇವಿನ ಕಡ್ಡಿ, ಇದ್ದಲು, ಉಪ್ಪುಗಳ ತರುವಾಯ ನಂಜನಗೂಡಿನ ಹಲ್ಲುಪುಡಿ ಮನೆಮನೆಗೆ ಬಂದಿತು. (ಇದ್ದಲಿನ ಪುಡಿಯು ಹಲ್ಲನ್ನು ಸವೆಯಿಸುವುದರಿಂದ ಹಳೆಯದೆಲ್ಲವನ್ನೂ ಒಳ್ಳೆಯದೆನ್ನಲು ನಾನು ಸಿದ್ಧನಲ್ಲ.) ಹಂದಿಯ ಕೂದಲಿನ ಬ್ರಷ್ಷನ್ನು ಆಚಾರವಂತರು ಬಾಯಿಗೆ ಸೋಕಿಸಲೊಲ್ಲದಿದ್ದುದು ಸಹಜವೇ, 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ಷು ಹುಟ್ಟಿದ ಮೇಲೆ ಆ ಆಕ್ಷೇಪಕ್ಕೆ ಎಡೆಯುಳಿಯಲಿಲ್ಲ.

ಈಗ ಫ್ಲೋರೈಡ್ ಬೆರೆತ ಸಿಹಿಯಾದ ಪೇಸ್ಟು ಮಗುವಿನ ಕೈಯಲ್ಲಿದೆ. ಹುಳುಕನ್ನು ತಡೆಯುವುದರಲ್ಲಿ ಅದು ಸಮರ್ಥವಾದುದೇ. ಆದರೆ ಉಗುಳಲು ಕಲಿಯದ ಮಗು ಅದನ್ನು ನುಂಗುತ್ತದೆ. ಹಾಗೆ ಮಿತಿಮೀರಿ ದೇಹಕ್ಕೆ ಸೇರಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಕೋಲಾರ, ತುಮಕೂರು ಸೀಮೆಗಳ ಎಷ್ಟೋ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮೊದಲೇ ಅಧಿಕವಾಗಿರುವುದರಿಂದ ಅಲ್ಲಿಯ ತಾಯಂದಿರು ಇದನ್ನು ಅವಶ್ಯವಾಗಿ ಅರಿತಿರಬೇಕು. ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕೆಂದೂ, ಏಳೆಂಟು ವರ್ಷದವರೆಗೆ ಹಿರಿಯರೊಬ್ಬರು ಜೊತೆಯಲ್ಲಿ ನಿಂತು ಉಜ್ಜಿಸಿ ಉಗುಳಿಸಬೇಕೆಂದೂ ಈಗಿನ ದಂತವೈದ್ಯರು ಹೇಳುತ್ತಾರೆ.