ಮದ್ದಳೆಯ ನಾದ, ಕರಣೆಯ ಹದ

ಅಂಬ್ಲಿಗೊಳದ ಸೀಮೆಯವರಾದ ನಮಗೆ ಮದ್ದಳೆ ಎಂದೊಡನೆ ಬಳ್ಳಿಗಾವಿಯ ಅಲ್ಲಮಪ್ರಭು ನೆನಪಾಗುವುದು ಸಹಜ. 12ನೆಯ ಶತಮಾನದ ಆ ಅನುಭಾವಿ ವಿರಕ್ತನಾಗುವ ಮುನ್ನ ಮದ್ದಳೆಗಾರನಾಗಿದ್ದನೆಂದು ಹರಿಹರನ ರಗಳೆ ಹೇಳುತ್ತದೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲೂ ಅವನು ಮದ್ದಳೆ ನುಡಿಸುತ್ತಾನೆ.

ಮದ್ದಳೆಯ ಬಂಧುವಾದ ಮೃದಂಗವನ್ನು ಗಮನಿಸಿ. ಬಲಮುಖದ ನಡುವಿನ ಕಪ್ಪು ವೃತ್ತವೇ ಕರಣೆ. ಕಪ್ಪು ಕಲ್ಲಿನ ಪುಡಿಯನ್ನು ಅನ್ನದೊಡನೆ ನಾದಿ, ಪದರಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಅದನ್ನು ಕೂರಿಸುತ್ತಾರೆ. ಎಡಮುಖಕ್ಕೆ ಕಚೇರಿಗೆ ಮುನ್ನ ರವೆಯ ಮುದ್ದೆಯನ್ನು ಮೆತ್ತುತ್ತಾರೆ. ಮುದ್ದೆ ಹೆಚ್ಚಿದರೆ ದನಿ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಕಚೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ.

ಬರಿಯ ಚರ್ಮದ ಮೇಲ್ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರವು ಅವುಗಳನ್ನು ಶ್ರುತಿಗೆ ತರುತ್ತದೆಂದು ಸಿ. ವಿ. ರಾಮನ್ ಅವರು ಶಿವಕಾಲಿ ಕುಮಾರರೊಡನೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಬಳಿಕ 1934ರಲ್ಲಿ ಅದೇ ವಿಷಯವನ್ನು ವಿಸ್ತರಿಸಿದರು.

ವಿಜ್ಞಾನ ವಿವರಿಸುವುದಕ್ಕೆ ಎಷ್ಟೋ ಮುನ್ನ ಆ ಹದವನ್ನು ಕಿವಿ ಮತ್ತು ಬೆರಳುಗಳಿಂದಲೇ ಅರಿತವರು ಚರ್ಮದ ಕುಶಲಕರ್ಮಿಗಳು. ಮದ್ದಳೆ ನುಡಿಸಿದವನ ಹೆಸರನ್ನು ನಮ್ಮ ಕಾವ್ಯ ಉಳಿಸಿತು. ಮಾಡಿಕೊಟ್ಟವನ ಹೆಸರನ್ನು ಉಳಿಸಲಿಲ್ಲ. ಟಿ. ಎಂ. ಕೃಷ್ಣ ಅವರ 'ಸೆಬಾಸ್ಟಿಯನ್ ಅಂಡ್ ಸನ್ಸ್' (2020) ಮೃದಂಗ ತಯಾರಕರ, ಬಹುಪಾಲು ದಲಿತರ, ಬದುಕನ್ನು ದಾಖಲಿಸಿದ ಕೃತಿ. ಮುಂದೆ ಕಚೇರಿಗೆ ಹೋದಾಗ ಆ ಕಪ್ಪು ವೃತ್ತವನ್ನು ನೋಡಿ, ಅದನ್ನು ಹದಗೊಳಿಸಿದ ಕೈಗಳನ್ನೂ ನೆನೆಯಿರಿ.